ಬಳ್ಳಿಗಾವೆಗೆ ಯಾವ ಬಣ್ಣ ಹಚ್ಚೋಣ?

ಕ್ರುಸೇಡರ್ ಕಿಂಗ್ಸ್ 3 ಆಟದ ನಕ್ಷೆಗೆ ನಮ್ಮ ಹಳೆಯ ನಾಡುಗಳನ್ನು ಸೇರಿಸುವ ಒಂದು ಮಾಡ್ ಕಟ್ಟುತ್ತಿದ್ದೇನೆ ಅಂತ ಎರಡು ಸಂಚಿಕೆ ಹಿಂದೆ ಬರೆದಿದ್ದೆ. ಅಷ್ಟಕ್ಕೇ ಬಂದ ಪತ್ರಗಳನ್ನು ನೋಡಿ ಖುಷಿಯಾಯಿತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಇಡೀ ಅಂಕಣವನ್ನು ಇದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2020ರಲ್ಲಿ ತಂದ ಆಟ. ನೀವು ಒಬ್ಬ ರಾಜನೋ ಸಾಮಂತನೋ ಆಗಿ ತಲೆಮಾರುಗಳ ಕಾಲ ವಂಶವನ್ನು ನಡೆಸಬೇಕು. ಆಟ 867ರಲ್ಲಿ ಅಥವಾ 1066ರಲ್ಲಿ ಶುರುವಾಗುತ್ತದೆ, 2024ರಲ್ಲಿ 1178ನ್ನೂ ಸೇರಿಸಿದ್ದಾರೆ. ನಕ್ಷೆಯ ಚಿಕ್ಕ ತುಂಡಿಗೆ ಬ್ಯಾರನಿ ಅಂತ ಹೆಸರು. ಕೆಲವು ಬ್ಯಾರನಿ ಸೇರಿದರೆ ಕೌಂಟಿ, ಕೆಲವು ಕೌಂಟಿ ಸೇರಿದರೆ ಡಚಿ. ಪ್ರತಿ ಕೌಂಟಿಗೂ ಒಂದು ಸಂಸ್ಕೃತಿ, ಒಂದು ಮತ ಇರುತ್ತದೆ. ಮಾಡ್ ಅಂದರೆ ಆಟಗಾರರೇ ಬರೆದು ಸೇರಿಸುವ ಫೈಲುಗಳು. ಅದರಲ್ಲಿ ಈ ಸಂಸ್ಕೃತಿ, ಮತ, ಹೆಸರು, ಗಡಿ ಎಲ್ಲವನ್ನೂ ಬದಲಿಸಬಹುದು.

ಪ್ರಶ್ನೆ: ನಾನು ಈಗಿನ ಕರ್ನಾಟಕದ ಗಡಿಯನ್ನೇ ಇಟ್ಟುಕೊಂಡು ಒಳಗಿನ ಕೌಂಟಿಗಳಿಗೆಲ್ಲ ಕನ್ನಡ ಸಂಸ್ಕೃತಿ ಕೊಟ್ಟಿದ್ದೇನೆ. 867ಕ್ಕೂ 1066ಕ್ಕೂ ಅದೇ ಸಾಕಲ್ವಾ?
(ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿ)

ಸಾಕಾಗುವುದಿಲ್ಲ. ಈಗಿನ ಗಡಿ 1956ರದ್ದು. 867ರಲ್ಲಿ ಮಾನ್ಯಖೇಟದಲ್ಲಿ, ಅಂದರೆ ಈಗಿನ ಮಳಖೇಡದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ಆಳುತ್ತಿದ್ದ. ಅವನ ಆಸ್ಥಾನದಲ್ಲೇ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಅಂತ ಹೇಳುತ್ತದೆ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುವ ಮಾತು. ಆದರೆ ನಕ್ಷೆ ಮಾಡುವವರಿಗೆ ಅದರ ಮುಂದಿನ ಮಾತು ಇನ್ನೂ ಮುಖ್ಯ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನದು ತಿರುಳ್ಗನ್ನಡದ ನಾಡು ಅಂತ ಅದು ಗುರುತು ಹಾಕಿಕೊಡುತ್ತದೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ನಿಮ್ಮ ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ.

ಹಾಗಾಗಿ 867ರ ನಕ್ಷೆಯಲ್ಲಿ ಕನ್ನಡ ಬಣ್ಣ ಸೊಲ್ಲಾಪುರ, ಲಾತೂರಿನ ಕಡೆಗೂ ಹೋಗಬೇಕು. ಅಲ್ಲಿ ಕನ್ನಡ ಶಾಸನಗಳು ಬೇಕಾದಷ್ಟು ಸಿಕ್ಕಿವೆ. ಇದನ್ನು ಈಗಿನ ಗಡಿ ಜಗಳಕ್ಕೆ ಯಾರೂ ಎಳೆದುಕೊಂಡು ಹೋಗಬೇಡಿ. ಅವತ್ತಿನ ನಕ್ಷೆ ಅವತ್ತಿನದು.

ಕೌಂಟಿಗಳನ್ನು ಹೇಗೆ ಹೋಳು ಮಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಅದೇ. ನಮ್ಮ ಶಾಸನಗಳಲ್ಲಿ ನಾಡಿನ ಹೆಸರಿನ ಜೊತೆಗೇ ಒಂದು ಸಂಖ್ಯೆ ಬರುತ್ತದೆ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ತರ್ದವಾಡಿ 1000, ಸಾಂತಳಿಗೆ 1000, ಬೆಳ್ವೊಲ 300, ಪುಲಿಗೆರೆ 300, ನಾಗರಖಂಡ 70, ಕಿಸುಕಾಡು 70. ಈ ಸಂಖ್ಯೆ ಹಳ್ಳಿಗಳದ್ದೋ ಆದಾಯದ್ದೋ ಅಂತ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ನಮಗೆ ಬೇಕಾದ್ದು ಬೇರೆ. ದೊಡ್ಡ ಸಂಖ್ಯೆಯ ನಾಡು ಚಿಕ್ಕ ಸಂಖ್ಯೆಯ ನಾಡುಗಳನ್ನು ತನ್ನೊಳಗೆ ಇಟ್ಟುಕೊಂಡಿದೆ. ಬನವಾಸಿ 12000ದ ಒಳಗೆ ನಾಗರಖಂಡ 70 ಇದೆ. ಒಂದು ಡಚಿ, ಅದರೊಳಗೆ ಒಂದು ಕೌಂಟಿ! ಸಾವಿರ ವರ್ಷದ ಹಿಂದೆಯೇ ಯಾರೋ ನಮಗೋಸ್ಕರ ವಿಂಗಡಿಸಿ ಇಟ್ಟ ಹಾಗಿದೆ. ಬೆಳ್ವೊಲ ಮತ್ತು ಪುಲಿಗೆರೆಯನ್ನು ಶಾಸನಗಳು ಒಟ್ಟಿಗೆ ‘ಎರಡರುನೂರು’ ಅಂತ ಕರೆಯುತ್ತವೆ, ಆ ಎರಡು ಕೌಂಟಿಯನ್ನು ಒಂದೇ ಡಚಿಯಲ್ಲಿ ಇಡಿ.

1066ಕ್ಕೆ ಬಂದರೆ ಇನ್ನೊಂದು ಎಚ್ಚರ ಬೇಕು. ಕಲ್ಯಾಣದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರ ಇದ್ದಾನೆ, ಆದರೆ ತಲಕಾಡಿನ ಗಂಗವಾಡಿ ಚೋಳರ ಕೈಯಲ್ಲಿದೆ. ಹೊಯ್ಸಳ ವಿಷ್ಣುವರ್ಧನ ಅದನ್ನು ಬಿಡಿಸಿಕೊಳ್ಳುವುದು 1116ರ ಹೊತ್ತಿಗೆ. ಹಾಗಂತ ಗಂಗವಾಡಿಯ ಸಂಸ್ಕೃತಿಯನ್ನು ತಮಿಳು ಮಾಡಬೇಡಿ. ಆಳುವವನ ಸಂಸ್ಕೃತಿ ತಮಿಳು, ಕೌಂಟಿಯದು ಕನ್ನಡ. ಆಟದಲ್ಲಿ ಇವೆರಡೂ ಬೇರೆ ಬೇರೆ ಫೈಲಿನಲ್ಲಿ ಇರುತ್ತವೆ, ಒಂದಕ್ಕೊಂದು ಕಟ್ಟುಬಿದ್ದಿಲ್ಲ. ಎರಡೂ ಬೇರೆಯಾದಾಗ ಜನರ ಅಸಮಾಧಾನ ತಾನಾಗಿಯೇ ಬರುತ್ತದೆ, ಅವತ್ತಿನ ಪರಿಸ್ಥಿತಿಗೆ ಅದು ಹೊಂದುತ್ತದೆ ಕೂಡ.

ಪ್ರಶ್ನೆ: ಬಳ್ಳಿಗಾವೆ ನಮ್ಮ ತಾಲ್ಲೂಕಿನದು. 1066ರಲ್ಲಿ ಅದಕ್ಕೆ ಶೈವ ಅಂತ ಹಾಕಲೋ, ಜೈನ ಅಂತ ಹಾಕಲೋ? ಸ್ನೇಹಿತ ಒಬ್ಬ ಬೌದ್ಧ ಅನ್ನುತ್ತಿದ್ದಾನೆ. ಆಟ ಒಂದನ್ನೇ ಹಾಕಲು ಬಿಡುತ್ತದೆ.
(ಶಿಕಾರಿಪುರದ ಓದುಗರು)

ಮೂರೂ ಸರಿ, ಅದಕ್ಕೇ ಈ ಪ್ರಶ್ನೆ ನನಗೆ ಇಷ್ಟ.

ನಾನು ಮೊದಲ ಸಲ ಬಳ್ಳಿಗಾವೆಗೆ ಹೋದದ್ದು ಈ ಮಾಡ್‌ಗೋಸ್ಕರವೇ. ಶಿರಾಳಕೊಪ್ಪದಲ್ಲಿ ಇಳಿದು ಆಟೋ ಹಿಡಿದೆ. ಊರೊಳಗೆ ಎತ್ತರದ ಕಂಬವೊಂದಿದೆ, ಗಂಡಭೇರುಂಡದ ಕಂಬ. ಸೋಮೇಶ್ವರನ ಸಾಮಂತ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ್ದು. ಅಂದರೆ ಆಟ ಶುರುವಾಗುವ ಹೊತ್ತಿಗೆ ಆ ಕಂಬಕ್ಕೆ 19 ವರ್ಷ. ಆಮೇಲೆ ಕೇದಾರೇಶ್ವರ ಗುಡಿಗೆ ಹೋದೆ. ಅಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಮೇಲುಗಡೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡಿಸುವ ಹಸು, ಕೆಳಗೆ ಗುಂಡಗುಂಡನೆಯ ಅಕ್ಷರ ಸಾಲು ಸಾಲಾಗಿ. ಬೆರಳಿಟ್ಟು ಓದಲು ನೋಡಿದೆ, ಅಲ್ಲೊಂದು ಇಲ್ಲೊಂದು ಅಕ್ಷರ ಗುರುತು ಸಿಗುತ್ತದೆ. ಅಷ್ಟಕ್ಕೇ ಮೈ ಜುಮ್ಮೆಂದಿತು.

ಈ ಊರಿನಲ್ಲಿ ಕಾಳಾಮುಖ ಶೈವರ ಕೋಡಿಯ ಮಠ ಇತ್ತು. 1162ರ ಒಂದು ಶಾಸನ ಅದನ್ನು ವರ್ಣಿಸುವ ರೀತಿ ನೋಡಿ. ಅಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು, ಬೌದ್ಧ ದರ್ಶನವನ್ನೂ ಕಲಿಸುತ್ತಿದ್ದರು. ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ ಊಟ ಹಾಕುತ್ತಿದ್ದರು. ರೋಗಿಗಳಿಗೆ ಔಷಧಿ ಸಿಗುತ್ತಿತ್ತು. ಇದೇ ಊರಲ್ಲಿ ಜಿನಾಲಯಗಳೂ ಇದ್ದವು. 1065ರಲ್ಲಿ, ಆಟ ಶುರುವಾಗಲು ಒಂದೇ ಒಂದು ವರ್ಷ ಮೊದಲು, ಸೋಮೇಶ್ವರನ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ನಿಮ್ಮ ಸ್ನೇಹಿತ ಹೇಳಿದ್ದು ಅದನ್ನೇ ಇರಬೇಕು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಹೀಗೆ ಐದಕ್ಕೂ ಇಲ್ಲಿ ಮಠ ಇತ್ತು ಅಂತ ಶಾಸನ ಹೇಳುತ್ತದೆ, ಪಂಚಮಠ ಅನ್ನುವ ಹೆಸರು ಬಂದದ್ದು ಅದರಿಂದ.

ಹಾಗಾದರೆ ಬಣ್ಣ ಯಾವುದು? ನಾನು ಶೈವ ಅಂತ ಹಾಕಿದ್ದೇನೆ. ಕಾಳಾಮುಖರ ಮಠಗಳ ಬಲ ಅಲ್ಲಿ ಜಾಸ್ತಿ ಇತ್ತು, ಅದೇ ಕಾರಣ. ಆದರೆ ಬಣ್ಣ ಹಚ್ಚಿ ಸುಮ್ನೆ ಬಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ಅದಕ್ಕೆ ಬೇರೆ ದಾರಿಗಳಿವೆ.

ಮೊದಲನೆಯದು, ಬ್ಯಾರನಿಯಲ್ಲಿ ವಿಶೇಷ ಕಟ್ಟಡ ಇಡಬಹುದು. ಪಂಚಮಠ ಅಂತಲೇ ಒಂದು ಕಟ್ಟಡ ಮಾಡಿ, ಅಭಿವೃದ್ಧಿ ಬೇಗ ಆಗುವ ಹಾಗೆ, ಬೇರೆ ಮತದ ದೊರೆ ಬಂದರೂ ಜನ ಅಷ್ಟಾಗಿ ಸಿಟ್ಟಾಗದ ಹಾಗೆ ಅದಕ್ಕೆ ಗುಣ ಬರೆಯಿರಿ. ಔಷಧಿ, ಅನ್ನ, ಪಾಠ ಮೂರೂ ಸಿಗುತ್ತಿದ್ದ ಜಾಗಕ್ಕೆ ಅದು ತಕ್ಕ ಗೌರವ. ಎರಡನೆಯದು, ಒಂದೇ ಸ್ಥಳ ಹಲವು ಮತಗಳಿಗೆ ಪುಣ್ಯಕ್ಷೇತ್ರ ಆಗಬಹುದು, ಆಟ ಅದಕ್ಕೆ ಅಡ್ಡಿ ಮಾಡುವುದಿಲ್ಲ. ನೀವು ಬರೆಯುವ ಶೈವ ಪಂಥಕ್ಕೂ ಬೌದ್ಧರಿಗೂ ಬಳ್ಳಿಗಾವೆಯನ್ನು ಕೊಡಿ. ಮೂರನೆಯದು ಜನ. ಕೌಂಟಿಗೆ ಒಂದೇ ಮತ ಇರಬಹುದು, ವ್ಯಕ್ತಿಗಳಿಗೆ ಹಾಗಿಲ್ಲ. ದಂಡನಾಯಕ, ಪಟ್ಟಣದ ಸೆಟ್ಟಿ, ಆಸ್ಥಾನದ ಪಂಡಿತ, ಇವರಲ್ಲಿ ಒಬ್ಬರನ್ನು ಜೈನ, ಒಬ್ಬರನ್ನು ಬೌದ್ಧ ಮಾಡಿ. ಗದಗ ಜಿಲ್ಲೆಯ ಡಂಬಳಕ್ಕೂ ಇದೇ ಉಪಾಯ. ಅಲ್ಲಿ 1095ರ ಶಾಸನದಲ್ಲಿ ಬುದ್ಧನ ವಿಹಾರ, ತಾರಾದೇವಿಯ ಗುಡಿ ಎರಡರ ಮಾತೂ ಬರುತ್ತದೆ. ಕಟ್ಟಿಸಿದವರು ರಾಜರಲ್ಲ, ಸೆಟ್ಟಿಗಳು.

ಇನ್ನು ಮತದ ಫೈಲಿನಲ್ಲಿ ಬೇರೆ ಮತಗಳನ್ನು ಹೇಗೆ ನೋಡುತ್ತದೆ ಅನ್ನುವ ಸಾಲು ಇದೆಯಲ್ಲ, ಅಲ್ಲಿ ನಮ್ಮ ಕಡೆಯ ಮತಗಳಿಗೆಲ್ಲ ಬಹುತ್ವವನ್ನು ಒಪ್ಪುವ ಆಯ್ಕೆಯನ್ನೇ ಕೊಡಿ. ಅತಿಯಾಯಿತಾ ಅಂತ ಅನುಮಾನ ಬಂದರೆ ಅಕ್ಕಾದೇವಿಯನ್ನು ನೆನಪಿಸಿಕೊಳ್ಳಿ. ಸೋಮೇಶ್ವರನ ಸೋದರತ್ತೆ, ಕಿಸುಕಾಡು 70ನ್ನು ಆಳಿದವಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಬಾಗಲಕೋಟೆ ಜಿಲ್ಲೆಯ ಬೇಲೂರಿನ ಶಾಸನ ಅವಳು ಜಿನ, ಬುದ್ಧ, ವಿಷ್ಣು, ರುದ್ರ ನಾಲ್ವರ ವ್ರತಗಳನ್ನೂ ನಡೆಸಿದಳು ಅನ್ನುತ್ತದೆ. ಜಗಳ ಆಗಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಆಗಿವೆ. ಅವನ್ನು ಘಟನೆಗಳಾಗಿ, ಅಂದರೆ ಆಟದ ನಡುವೆ ಆಟಗಾರನ ಮುಂದೆ ಬರುವ ಸನ್ನಿವೇಶಗಳಾಗಿ, ಬರೆಯಿರಿ. ಎರಡು ಬಣ್ಣ ಪಕ್ಕಪಕ್ಕ ಬಂದ ಮಾತ್ರಕ್ಕೆ ಯುದ್ಧ ಅನ್ನುವ ಹಾಗೆ ಮಾಡಬೇಡಿ.

ಪ್ರಶ್ನೆ: ಅಮೋಘವರ್ಷ ಜೈನ ತಾನೇ? ಹಾಗಿದ್ದರೆ ಮಳಖೇಡ ಸುತ್ತಲಿನ ಕೌಂಟಿಗಳನ್ನೂ ಜೈನ ಮಾಡಬೇಕಲ್ಲವೇ?
(ಕಲಬುರಗಿ)

ಎರಡು ಬೇರೆ ಪ್ರಶ್ನೆ. ದೊರೆಯ ಮತ ಅವನ ವ್ಯಕ್ತಿ ಫೈಲಿನಲ್ಲಿ, ಊರಿನ ಮತ ಪ್ರಾವಿನ್ಸ್ ಫೈಲಿನಲ್ಲಿ. ದೊರೆ ಜೈನ ಅಂದ ತಕ್ಷಣ ಊರು ಜೈನ ಆಗುವುದಿಲ್ಲ.

ಅಮೋಘವರ್ಷನ ಗುರು ಜಿನಸೇನಾಚಾರ್ಯರು, ಆದ್ದರಿಂದ ಅವನನ್ನು ದಿಗಂಬರ ಅಂತ ಬರೆದರೆ ತಪ್ಪೇನಿಲ್ಲ. ಆದರೆ 871ರ ಸಂಜಾಣ ತಾಮ್ರಶಾಸನ ಇನ್ನೊಂದು ಸಂಗತಿ ಹೇಳುತ್ತದೆ. ನಾಡಿಗೆ ಬಂದ ಕಷ್ಟ ಕಳೆಯಲಿ ಅಂತ ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. 867ರಲ್ಲಿ ಆಟ ಶುರುವಾದ ನಾಲ್ಕೇ ವರ್ಷಕ್ಕೆ ಬರೆಸಿದ ಶಾಸನ ಅದು. ಜಿನಸೇನರ ಶಿಷ್ಯ ಮಹಾಲಕ್ಷ್ಮಿಗೆ ಬೆರಳು ಕೊಡುತ್ತಾನೆ! ಇದನ್ನು ನಾನು ಒಂದು ಘಟನೆಯಾಗಿ ಬರೆದಿದ್ದೇನೆ. ಬರ ಅಥವಾ ರೋಗ ಬಂದಾಗ ಆಟಗಾರನ ಮುಂದೆ ಆಯ್ಕೆ ಬರುತ್ತದೆ. ಬೆರಳು ಕೊಟ್ಟರೆ ಗಾಯ ಆಗುತ್ತದೆ, ಜನರ ಪ್ರೀತಿ ಹೆಚ್ಚುತ್ತದೆ, ಮತ ಮಾತ್ರ ಬದಲಾಗುವುದಿಲ್ಲ.

ಊರುಗಳ ವಿಷಯದಲ್ಲಿ ಬಸದಿ, ಶಾಸನ ಎಲ್ಲಿ ದಟ್ಟವಾಗಿವೆ ನೋಡಿ. ಕೊಪ್ಪಳ ದೊಡ್ಡ ಜೈನ ತೀರ್ಥ, ಶ್ರವಣಬೆಳಗೊಳ ಕೂಡ ಆಗಲೇ ತೀರ್ಥವೇ. ಆದರೆ ಗೊಮ್ಮಟನ ಮೂರ್ತಿಯನ್ನು 867ರಲ್ಲಿ ನಿಲ್ಲಿಸಬೇಡಿ, ಅದು ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು 980ರ ಆಚೆ ಈಚೆ. ಉತ್ತರದ ಕಡೆ ಜೈನರದೇ ಇನ್ನೊಂದು ಪಂಥವಾದ ಯಾಪನೀಯರ ಪ್ರಭಾವ ಇತ್ತು, ಆ ಪಂಥ ಮೂಲ ಆಟದಲ್ಲೇ ಇದೆ, ಬಳಸಿಕೊಳ್ಳಿ. ಉಳಿದ ಕಡೆ ಶೈವ ಇರಲಿ.

ಪ್ರಶ್ನೆ: ತುಳು ಸಂಸ್ಕೃತಿ ಬೇರೆ ಮಾಡಿದ್ದೇನೆ. ದೈವಾರಾಧನೆಯನ್ನು ಒಂದು ಪ್ರತ್ಯೇಕ ಮತವಾಗಿ ಸೇರಿಸಿದೆ. ಆದರೆ ಆಟ ಶುರುವಾಗಿ ಐವತ್ತು ವರ್ಷಕ್ಕೆಲ್ಲ ಅಕ್ಕಪಕ್ಕದ ದೊರೆಗಳು ಅದನ್ನು ಅಳಿಸಿಹಾಕುತ್ತಾರೆ. ಬೇಜಾರಾಗುತ್ತದೆ.
(ಪುತ್ತೂರಿನ ಓದುಗರು)

ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಅದನ್ನು ಉಳಿಸಲು ಸೈನ್ಯ ಜಾಸ್ತಿ ಕೊಡುವುದು ದಾರಿಯಲ್ಲ. ಅದನ್ನು ಇಟ್ಟ ಜಾಗವೇ ತಪ್ಪು ಅಂತ ನನ್ನ ಅಭಿಪ್ರಾಯ.

ಆಟದಲ್ಲಿ ಮತ ಅಂದರೆ ಒಂದು ಬಂದರೆ ಇನ್ನೊಂದು ಹೋಗಬೇಕು. ದೈವಾರಾಧನೆ ಯಾವತ್ತೂ ಹಾಗೆ ಇದ್ದದ್ದಲ್ಲ, ಅಲ್ವಾ? ನಿಮ್ಮ ಊರಿನಲ್ಲೇ ನೋಡಿ. ಬೀಡಿನ, ಅಂದರೆ ಹಳೆಯ ಅರಸು ಮನೆತನದ, ಮನೆಯವರು ಜೈನರು, ಬಸದಿಗೆ ಹೋಗುತ್ತಾರೆ, ಮನೆಯ ದೈವಕ್ಕೆ ಕೋಲವನ್ನೂ ಕೊಡಿಸುತ್ತಾರೆ. ಧರ್ಮಸ್ಥಳ ಇದಕ್ಕಿಂತ ದೊಡ್ಡ ಉದಾಹರಣೆ. ದೇವರು ಮಂಜುನಾಥ, ಪೂಜೆ ಮಾಡುವವರು ಮಾಧ್ವರು, ಹೆಗ್ಗಡೆಯವರ ಮನೆತನ ಜೈನ, ಕ್ಷೇತ್ರ ಕಾಯುವುದು ಧರ್ಮದೈವಗಳು. ಇದಕ್ಕೆ ಯಾವ ಒಂದು ಬಣ್ಣ ಹಚ್ಚುತ್ತೀರಿ?

ಹಾಗಾಗಿ ದೈವವನ್ನು ಮತದ ಫೈಲಿನಿಂದ ತೆಗೆದು ಸಂಸ್ಕೃತಿಯ ಫೈಲಿಗೆ ತನ್ನಿ. ಸಂಸ್ಕೃತಿಗೆ ‘ಸಂಪ್ರದಾಯ’ ಅಂತ ಕೆಲವು ಗುಣಗಳನ್ನು ಕೊಡಬಹುದಲ್ಲ, ಅಲ್ಲಿ ದೈವಾರಾಧನೆ ಅಂತ ಹೊಸದೊಂದನ್ನು ಬರೆಯಿರಿ. ಆಗ ಕೌಂಟಿ ಶೈವವಾಗಲಿ ಜೈನವಾಗಲಿ ವೈಷ್ಣವವಾಗಲಿ, ತುಳುವರು ತುಳುವರಾಗಿ ಇರುವವರೆಗೂ ದೈವ ಇರುತ್ತದೆ. ಅದರ ಪರಿಣಾಮ ಏನಿರಬೇಕು? ದೈವದ ನುಡಿಗೆ ಊರು ತಲೆಬಾಗುತ್ತದೆ, ವ್ಯಾಜ್ಯ ಅಲ್ಲಿ ತೀರುತ್ತದೆ. ಹಾಗಾಗಿ ದಂಗೆ ಕಡಿಮೆ, ಆದರೆ ಅನ್ಯಾಯ ಮಾಡಿದ ದೊರೆಗೆ ಮರ್ಯಾದೆ ಬೇಗ ಹೋಗುತ್ತದೆ. ಕೋಲದಲ್ಲಿ ದೈವ ಗುತ್ತಿನ, ಅಂದರೆ ಊರಿನ ಹಿರಿಮನೆಯ, ಯಜಮಾನನನ್ನು ಎಲ್ಲರ ಎದುರೇ ಕೇಳುತ್ತದೆ, ಯಜಮಾನ ಕೈಮುಗಿದು ನಿಂತಿರುತ್ತಾನೆ. ಆ ಗಳಿಗೆಯನ್ನು ಒಂದು ಘಟನೆಯಾಗಿ ಬರೆದರೆ ನಿಮ್ಮ ಮಾಡ್ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ.

ಕದ್ರಿಯನ್ನು ಮರೆಯಬೇಡಿ. ಆಳುಪ ರಾಜ ಕುಂದವರ್ಮ 968ರಲ್ಲಿ ಅಲ್ಲಿನ ವಿಹಾರದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇಟ್ಟ, ಅದು ಇವತ್ತಿಗೂ ಮಂಜುನಾಥನ ಗುಡಿಯಲ್ಲಿದೆ. ಕೊಡವರಿಗೂ ಇದೇ ಮಾತು. ಕಾರಣವರನ್ನು, ಅಂದರೆ ಗತಿಸಿದ ಹಿರಿಯರನ್ನು, ನೆನೆಯುವುದು, ಕೈಲ್‌ಪೊಳ್ದ್‌ನಲ್ಲಿ ಆಯುಧ ಪೂಜೆ ಎಲ್ಲ ಸಂಸ್ಕೃತಿಯ ಫೈಲಿನಲ್ಲೇ ಇರಲಿ.

ಪ್ರಶ್ನೆ: 1066ರ ನಕ್ಷೆಯಲ್ಲಿ ಲಿಂಗಾಯತ ಮತ ಹಾಕಿದ್ದಕ್ಕೆ ಒಬ್ಬರು ತಪ್ಪು ಅಂದರು. ಹಾಕದಿದ್ದರೆ ಇನ್ನೊಬ್ಬರು ಬೈಯುತ್ತಾರೆ. ಹಿಂದೂ ಗುಂಪಿನೊಳಗೆ ಇಡಬೇಕೋ, ಹೊರಗೋ ಅನ್ನುವ ಜಗಳ ಬೇರೆ.
(ಬಸವಕಲ್ಯಾಣ)

1066ಕ್ಕೆ ಬೇಡ. ಬಸವಣ್ಣನವರು 12ನೇ ಶತಮಾನದವರು, ಕಲಚುರಿ ಬಿಜ್ಜಳನ ಕಾಲ. 1066ರಲ್ಲಿ ಕಲ್ಯಾಣದಲ್ಲಿ ಸೋಮೇಶ್ವರ ಇದ್ದಾನೆ, ಅನುಭವ ಮಂಟಪಕ್ಕೆ ಇನ್ನೂ ಸುಮಾರು ನೂರು ವರ್ಷ ಇದೆ. ಇದೇ ಲೆಕ್ಕದಲ್ಲಿ ಉಡುಪಿಗೆ ದ್ವೈತ ಬೇಡ, ಮಧ್ವಾಚಾರ್ಯರು ಹುಟ್ಟಿದ್ದು 1238ರಲ್ಲಿ. ಮೇಲುಕೋಟೆಗೆ ಶ್ರೀವೈಷ್ಣವ ಕೂಡ ಬೇಡ, ರಾಮಾನುಜರು ಅಲ್ಲಿಗೆ ಬಂದದ್ದು 12ನೇ ಶತಮಾನದಲ್ಲಿ. ಒಳ್ಳೆಯದನ್ನೆಲ್ಲ ಮೊದಲ ದಿನವೇ ನಕ್ಷೆಯಲ್ಲಿ ಇಟ್ಟುಬಿಟ್ಟರೆ ಅದು ಹುಟ್ಟುವುದನ್ನು ನೋಡುವ ಭಾಗ್ಯ ಆಟಗಾರನಿಗೆ ಸಿಗುವುದಿಲ್ಲ.

1178ಕ್ಕೆ ಧಾರಾಳವಾಗಿ ಹಾಕಿ. ಆ ಹೊತ್ತಿಗೆ ಕಲ್ಯಾಣದಲ್ಲಿ ಕಲಚುರಿಗಳೇ ಇದ್ದಾರೆ, ಶರಣರು ಚದುರಿಹೋಗಿದ್ದಾರೆ. 1066ರಿಂದ ಆಡುವವರಿಗೆ ಶರಣರ ಚಳವಳಿ ಘಟನೆಗಳ ಸರಣಿಯಾಗಿ ಬರಲಿ. ಪುಣ್ಯಕ್ಷೇತ್ರಕ್ಕೆ ಕಲ್ಯಾಣ, ಕೂಡಲಸಂಗಮ, ಉಳವಿ, ಶ್ರೀಶೈಲ, ಸೊನ್ನಲಿಗೆ (ಈಗಿನ ಸೊಲ್ಲಾಪುರ) ಐದೂ ಸರಿಯಾಗಿ ಕೂತುಕೊಳ್ಳುತ್ತವೆ. ಮೂರು ಮೂಲತತ್ವ ಆರಿಸಬೇಕಲ್ಲ, ಆಟದಲ್ಲಿರುವ ತಯಾರಾದವನ್ನು ತೆಗೆದುಕೊಳ್ಳಬೇಡಿ, ಇಷ್ಟಲಿಂಗ, ಕಾಯಕ, ದಾಸೋಹ ಅಂತ ನೀವೇ ಬರೆಯಿರಿ. ಕಾಯಕದ ಮತದಲ್ಲಿ ದುಡಿಯುವ ಊರಿನ ಆದಾಯ ಹೆಚ್ಚಬೇಕು, ಗುಡಿಯ ಆದಾಯ ಅಲ್ಲ. ಕುಲ ನೋಡಿ ಮದುವೆ ತಡೆಯುವ ನಿಯಮ ಈ ಮತಕ್ಕೆ ಇರಲೇಬಾರದು. ಕಲ್ಯಾಣದಲ್ಲಿ ರಕ್ತ ಹರಿದದ್ದು ಒಂದು ಮದುವೆಯಿಂದ ಅನ್ನುವ ನೆನಪು ನಮ್ಮಲ್ಲಿ ಇನ್ನೂ ಹಸಿಯಾಗಿದೆ.

ಒಳಗೋ ಹೊರಗೋ ಅನ್ನುವುದು ಇವತ್ತಿನ ಚರ್ಚೆ. ಆಟದಲ್ಲಿ ಅದು ಮುಖ್ಯವಾಗಿ ನಿರ್ಧರಿಸುವುದು ಒಂದನ್ನು, ಅಕ್ಕಪಕ್ಕದ ಮತಗಳು ನಿಮ್ಮನ್ನು ಎಷ್ಟು ದೂರದವರು ಅಂತ ನೋಡುತ್ತವೆ ಅನ್ನುವುದನ್ನು. ನಾನು ಬೇರೆ ಮತವಾಗಿಯೇ ಇಟ್ಟು, ಆ ದೂರವನ್ನು ಕಡಿಮೆ ಮಾಡಿದ್ದೇನೆ. ನಿಮಗೆ ಬೇರೆ ಸರಿ ಅನ್ನಿಸಿದರೆ ಹಾಗೆ ಮಾಡಿ, ಆದರೆ ಯಾಕೆ ಹಾಗೆ ಮಾಡಿದೆ ಅಂತ ಮಾಡ್‌ನ ವಿವರಣೆಯಲ್ಲಿ ಎರಡು ಸಾಲು ಬರೆದುಬಿಡಿ. ಬೈಯುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

ಪ್ರಶ್ನೆ: ಹೊಸ ಸಂಸ್ಕೃತಿ ಸೇರಿಸಿದೆ. ಹೆಸರಿನ ಜಾಗದಲ್ಲಿ ನಾನು ಫೈಲಿನಲ್ಲಿ ಬರೆದ ಕೋಡ್ ಪದವೇ ಕಾಣಿಸುತ್ತದೆ. ಹಳೆಯ ಸೇವ್ ತೆರೆದರೆ ನಕ್ಷೆ ಬದಲಾಗಿಯೇ ಇಲ್ಲ.
(ಬೆಂಗಳೂರು)

ಮೊದಲನೆಯದಕ್ಕೆ ಲೋಕಲೈಸೇಷನ್ ಫೈಲ್ ನೋಡಿ. ಅದನ್ನು ಯುಟಿಎಫ್-8 ಬಿಒಎಂ ಸಮೇತ ಸೇವ್ ಮಾಡಬೇಕು, ಬರೀ ಯುಟಿಎಫ್-8 ಆದರೆ ಆಟ ಓದುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಕೋಡಿಂಗ್ ಮೆನುವಿನಲ್ಲಿ ಆ ಆಯ್ಕೆ ಇದೆ. ಎರಡನೆಯದು, ಹಿಸ್ಟರಿ ಫೈಲುಗಳನ್ನು ಆಟ ಶುರುವಿನಲ್ಲಿ ಮಾತ್ರ ಓದುತ್ತದೆ, ಹೊಸ ಆಟ ಶುರು ಮಾಡಲೇಬೇಕು. ಲಾಗ್ಸ್ ಫೋಲ್ಡರಿನ ಎರರ್ ಲಾಗ್ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ, ಮುಚ್ಚದೆ ಬಿಟ್ಟ ಆವರಣ ಚಿಹ್ನೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಮತ್ತೆ, ಪ್ರಾವಿನ್ಸ್ ಚಿತ್ರಕ್ಕೆ ಕೈಹಾಕಿ ಹೊಸ ಬ್ಯಾರನಿ ಬಿಡಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಇರುವ ಬ್ಯಾರನಿಗಳ ಹೆಸರು, ಸಂಸ್ಕೃತಿ, ಮತ ಬದಲಿಸಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಪ್ರಶ್ನೆ: ಕನ್ನಡ ರಾಜ್ಯಗಳಿಗೆಲ್ಲ ಅರಿಶಿನ ಕುಂಕುಮದ ಬಾವುಟ ಹಾಕಬಹುದೇ?
(ಸಿಡ್ನಿಯಿಂದ ಒಬ್ಬ ಕನ್ನಡಿಗರು)

ಆ ಬಾವುಟದ ಮೇಲಿನ ಪ್ರೀತಿ ನನಗೂ ಇದೆ, ಆದರೆ ಅದು 1960ರ ದಶಕದ್ದು. ಒಂದೊಂದು ವಂಶಕ್ಕೂ ಅದರದೇ ಲಾಂಛನ ಇತ್ತು. ರಾಷ್ಟ್ರಕೂಟರಿಗೆ ಗರುಡ, ಚಾಲುಕ್ಯರಿಗೆ ವರಾಹ, ಗಂಗರಿಗೆ ಆನೆ, ಕದಂಬರಿಗೆ ಸಿಂಹ. ಅವನ್ನೇ ಹಾಕಿ.

ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ನಿಮ್ಮ ಅಂಕಣ ಓದಿ ಅವಳೂ ಶುರು ಮಾಡಿದ್ದಾಳೆ. ಆಟದಲ್ಲಿ ಹುಟ್ಟುವ ಹೆಣ್ಣುಮಕ್ಕಳಿಗೆಲ್ಲ ಅದೇ ನಾಲ್ಕು ಹೆಸರು ಬರುತ್ತವಂತೆ. ಹಳೆಯ ಕಾಲದ ಹೆಸರು ಎಲ್ಲಿ ಸಿಗುತ್ತವೆ ಅಂತ ಕೇಳುತ್ತಾಳೆ. ಇದರಿಂದ ಓದಿಗೆ ತೊಂದರೆ ಇಲ್ಲ ತಾನೇ?
(ಚಿಕ್ಕಮಗಳೂರಿನ ತಾಯಿಯೊಬ್ಬರು)

ಅಮ್ಮಾ, ಪರೀಕ್ಷೆ ಹತ್ತಿರ ಬಂದಾಗ ಕಂಪ್ಯೂಟರ್ ಮುಚ್ಚಿಡಲಿ. ಉಳಿದ ದಿನ ಅವಳು ಮಾಡುತ್ತಿರುವುದೂ ಓದೇ. ಸಂಸ್ಕೃತಿಗೆ ಹೆಸರಿನ ಪಟ್ಟಿ ಅಂತ ಒಂದು ಫೈಲ್ ಇರುತ್ತದೆ, ಹುಟ್ಟುವ ಮಕ್ಕಳಿಗೆ ಆಟ ಅಲ್ಲಿಂದಲೇ ಹೆಸರು ಇಡುತ್ತದೆ. ಪಟ್ಟಿ ಚಿಕ್ಕದಾಗಿದ್ದರೆ ಅದೇ ಹೆಸರು ತಿರುಗಿ ತಿರುಗಿ ಬರುತ್ತದೆ.

ಹೆಸರಿಗೆ ಶಾಸನಗಳಿಗಿಂತ ದೊಡ್ಡ ಕಣಜ ಇಲ್ಲ. ಬಿ.ಎಲ್. ರೈಸ್ ಅವರು ಜಿಲ್ಲೆವಾರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ನಿಮ್ಮ ಊರಿನ ದೊಡ್ಡ ಲೈಬ್ರರಿಯಲ್ಲಿ ಕೇಳಿ, ಹಳೆಯವು ಅಂತರ್ಜಾಲದಲ್ಲೂ ಇವೆ. ಅವಳಿಗೆ ಒಂದು ನೋಟ್‌ಬುಕ್ ಕೊಡಿಸಿ, ಎಡಗಡೆ ಗಂಡಸರ ಹೆಸರು, ಬಲಗಡೆ ಹೆಂಗಸರದ್ದು ಬರೆಯುತ್ತಾ ಹೋಗಲಿ. ಬೂತುಗ, ಎರೆಯಪ್ಪ, ಕನ್ನರ, ಬದ್ದೆಗ, ತೈಲಪ, ಬಿಟ್ಟಿಗ. ಕನ್ನರ ಅಂದರೆ ಕೃಷ್ಣ, ಆಗಿನವರ ಬಾಯಲ್ಲಿ ಹಾಗೆ. ಹೆಂಗಸರಲ್ಲಿ ‘ಅಬ್ಬೆ’ ಅಂತ ಮುಗಿಯುವ ಹೆಸರು ತುಂಬ ಸಿಗುತ್ತವೆ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದವಳು, 1007ರಲ್ಲಿ. ಸಾವಿಯಬ್ಬೆ ಗಂಡನ ಜೊತೆ ಯುದ್ಧಕ್ಕೆ ಹೋಗಿ ಸತ್ತವಳು. ಶ್ರವಣಬೆಳಗೊಳದ ಕಲ್ಲಿನಲ್ಲಿ ಅವಳು ಕುದುರೆ ಮೇಲೆ ಕತ್ತಿ ಎತ್ತಿ, ಆನೆ ಮೇಲೆ ಕೂತವನ ಎದುರು ನಿಂತಿದ್ದಾಳೆ. ಬೆಳಗೊಳ ನಿಮಗೆ ದೂರ ಅಲ್ಲ, ರಜೆಯಲ್ಲಿ ಕರೆದುಕೊಂಡು ಹೋಗಿ ತೋರಿಸಿ.

ಅವಳಿಗೆ ಒಂದು ಕೆಲಸವನ್ನೂ ಕೊಡುತ್ತೇನೆ. ಮೇಲೆ ಹೇಳಿದ ನಾಗರಖಂಡ 70 ಇದೆಯಲ್ಲ, ಅದರ ಪಟ್ಟದ ಇತಿಹಾಸ ಅನ್ನುವ ಫೈಲನ್ನು ಅವಳು ಬರೆಯಲಿ. ಆ ನಾಡಿನ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ಸತ್ತಾಗ, 911ರಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ಕೊಟ್ಟರು. ಅವಳು ನಾಡನ್ನು ಚೆನ್ನಾಗಿ ಆಳಿದಳು. ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ವಹಿಸಿ, ಬಂದಣಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. 1066ರಲ್ಲಿ ಆಟ ಶುರು ಮಾಡಿದವರು ಆ ಕೌಂಟಿಯ ಹಿಂದಿನ ಒಡೆಯರ ಪಟ್ಟಿ ತೆರೆದರೆ ಅವಳ ಹೆಸರು, ಅದರ ಕೆಳಗೆ ಅವಳ ಮಗಳು, ಇಬ್ಬರೂ ಅಲ್ಲಿ ಕಾಣಬೇಕು. ಫೈಲ್ ಮುಗಿದ ಮೇಲೆ ನನಗೆ ಕಳಿಸಲಿ, ನನ್ನ ಮಾಡ್‌ಗೆ ಸೇರಿಸಿಕೊಳ್ಳುತ್ತೇನೆ.